ಅಡ್ವಾನ್ಸ್‌ನಲ್ಲಿ ಬಣ್ಣದ ದುಡ್ಡು ಹಿಡಿಯುವ ಮೊದಲು

ಬೆಂಗಳೂರಿನಲ್ಲಿ ಬಾಡಿಗೆ ಮನೆ ಖಾಲಿ ಮಾಡುವವರಿಗೆಲ್ಲ ಬಾಯಿಪಾಠವಾಗಿರುವ ಲೆಕ್ಕ ಒಂದಿದೆ. ಕೊಟ್ಟ ಅಡ್ವಾನ್ಸ್‌ನಲ್ಲಿ ಒಂದು ತಿಂಗಳ ಬಾಡಿಗೆ ಪೇಂಟಿಂಗ್‌ಗೆಂದು ಹೋಯಿತು, ಉಳಿದದ್ದು ಕೈಗೆ ಬಂತು. ಐದು ವರ್ಷ ಇದ್ದು ಬಿಟ್ಟರೂ ಅಷ್ಟೇ, ಹನ್ನೊಂದು ತಿಂಗಳಿಗೆ ಬಿಟ್ಟರೂ ಅಷ್ಟೇ. ಗೋಡೆ ಮಸಿ ಹಿಡಿದಿದ್ದರೂ ಅಷ್ಟೇ, ಒಂದು ಗೀರೂ ಬೀಳದಿದ್ದರೂ ಅಷ್ಟೇ. ಹಿಡಿದ ದುಡ್ಡಿನಲ್ಲಿ ಬಣ್ಣಕ್ಕೆ ಹೋಗುವುದೆಷ್ಟು, ಮಾಲೀಕರ ಜೇಬಿನಲ್ಲಿ ಉಳಿಯುವುದೆಷ್ಟು ಎಂದು ಯಾರೂ ಕೇಳುವುದಿಲ್ಲ. ಕೇಳಿದರೂ ಉತ್ತರ ಸಿಗುವುದಿಲ್ಲ. ನನಗೆ ಆ ಉತ್ತರ ಸುಮಾರಾಗಿ ಗೊತ್ತು. ಬಣ್ಣದ ಬಿಲ್ ಬರೆಯುವವಳು ನಾನೇ.

ಕತ್ರಿಗುಪ್ಪೆಯ ಅಡ್ಡರಸ್ತೆಯೊಂದರಲ್ಲಿ ನಮ್ಮದು ಹಾರ್ಡ್‌ವೇರ್ ಮತ್ತು ಪೇಂಟ್ ಅಂಗಡಿ. ಮಾವನವರು ಶುರು ಮಾಡಿದ್ದು, ಈಗ ಗಲ್ಲಾದಲ್ಲಿ ನಾನು ಕೂರುತ್ತೇನೆ. ‘ಯಜಮಾನ್ರು ಇಲ್ವಾ?’ ಎಂದು ಕೇಳಿ, ಇಲ್ಲ ಎಂದ ಮೇಲೆ ಒಲ್ಲದ ಮನಸ್ಸಿನಿಂದ ನನ್ನ ಹತ್ತಿರ ಬಣ್ಣದ ಮಾತು ತೆಗೆಯುವವರು ಇವತ್ತಿಗೂ ಇದ್ದಾರೆ. ತಿಂಗಳ ಕೊನೆಯ ವಾರ ನಮಗೆ ಸುಗ್ಗಿ. ಮನೆ ಖಾಲಿಯಾಗಿರುತ್ತದೆ, ಒಂದನೇ ತಾರೀಕಿಗೆ ಹೊಸಬರು ಹಾಲುಕ್ಕಿಸಬೇಕಿರುತ್ತದೆ. ಮಾಲೀಕರು ಬಂದು ಗಾಡಿಯಿಂದ ಇಳಿಯದೆಯೇ ಹೇಳುವ ಮಾತು ಒಂದೇ: ‘ಬಾಡಿಗೆ ಮನೆಗೆ ಕಣ್ರೀ, ಯಾವ್ದಾದ್ರೂ ನಡೆಯುತ್ತೆ. ಕಮ್ಮಿದು ಕೊಡಿ.’ ಇದೇ ಮನುಷ್ಯರು ತಮ್ಮ ವಾಸದ ಮನೆಗೆ ಬಣ್ಣ ಹೊಡೆಸುವಾಗ ಹೆಂಡತಿ, ಮಗಳು ಎಲ್ಲರನ್ನೂ ಕರೆತಂದು ಶೇಡ್ ಕಾರ್ಡ್ ತಿರುವಿ ತಿರುವಿ ಅದರ ಅಂಚು ಸವೆಸಿರುತ್ತಾರೆ.

ನನ್ನ ವಾದ ಇಷ್ಟೆ: ಬಾಡಿಗೆ ಮನೆಗೆ ಅಗ್ಗದ ಬಣ್ಣವೇ ದುಬಾರಿ. ಆ ದುಬಾರಿಯನ್ನು ತೆರುವವರು ಬಾಡಿಗೆದಾರರು, ಅದೂ ತಾವು ಬಿಟ್ಟುಹೋಗುವ ಮನೆಗಾಗಿ. ಬಣ್ಣವನ್ನೂ ಅದರ ಫಿನಿಶನ್ನೂ ಮೊದಲೇ ಸರಿಯಾಗಿ ಆರಿಸಿದರೆ ಆಳು ಬದಲಾದಾಗಲೆಲ್ಲ ಮನೆ ಪೂರ್ತಿ ಬಳಿಸಬೇಕಿಲ್ಲ. ಅಡ್ವಾನ್ಸ್‌ನಲ್ಲಿ ಕಣ್ಣುಮುಚ್ಚಿ ಒಂದು ತಿಂಗಳು ಹಿಡಿಯಲು ಕಾರಣವೂ ಉಳಿಯುವುದಿಲ್ಲ. ಬಣ್ಣ ಮಾರುವವಳು ಹೆಚ್ಚಿನ ಬೆಲೆಯ ಡಬ್ಬಿ ಮಾರಲು ಹೀಗೆ ಹೇಳುತ್ತಾಳೆ ಎನ್ನಬೇಡಿ. ನಾನು ಹೇಳುವಂತೆ ಎಲ್ಲರೂ ಮಾಡಿದರೆ ನಮ್ಮ ಅಂಗಡಿಯ ವ್ಯಾಪಾರ ಇಳಿಯುತ್ತದೆಯೇ ಹೊರತು ಏರುವುದಿಲ್ಲ.

ಮೊದಲು ಹಳೆಯ ಪದ್ಧತಿಯ ವಿಚಾರ. ವಠಾರಗಳ ಕಾಲದಲ್ಲಿ ಗೋಡೆಗೆ ಸುಣ್ಣವಿತ್ತು. ಸುಟ್ಟ ಸುಣ್ಣದ ಕಲ್ಲನ್ನು ನೀರಿಗೆ ಹಾಕಿ ಕೊತಕೊತ ಕುದಿಸಿ, ಸೋಸಿ, ಬಿಳುಪು ಎದ್ದು ಕಾಣಲಿ ಎಂದು ಚಿಟಿಕೆ ನೀಲಿ ಬೆರೆಸಿ, ಹಬ್ಬ ಹತ್ತಿರ ಬಂದಾಗ ಬಳಿಯುತ್ತಿದ್ದರು. ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ. ನೆಲ ಸಾರಿಸುವಾಗ ಸಿಡಿಯುವ ನೀರಿನ ಕಲೆ ಅದರಲ್ಲಿ ಕಾಣುತ್ತಿರಲಿಲ್ಲ. ಸುಣ್ಣಕ್ಕೆ ಖರ್ಚು ಕಡಿಮೆ, ಅದರ ಕ್ಷಾರಗುಣದಿಂದ ಬೂಷ್ಟೂ ಸುಲಭಕ್ಕೆ ಹಿಡಿಯದು. ಆದರೆ ಒರಗಿದರೆ ಬೆನ್ನಿಗೆ ಹತ್ತುತ್ತದೆ, ಒರೆಸಿದರೆ ಬಟ್ಟೆಗೆ ಬರುತ್ತದೆ. ಹಾಗಾಗಿ ವರ್ಷಕ್ಕೊಮ್ಮೆ ಬಳಿಯಲೇಬೇಕಿತ್ತು. ಈಗಿನ ಅಕ್ರಿಲಿಕ್ ಇಮಲ್ಷನ್ ಹಾಗಲ್ಲ, ಸರಿಯಾಗಿ ಹೊಡೆದರೆ ನಾಲ್ಕೈದು ವರ್ಷ ಗೋಡೆಯ ಮೇಲೆ ಕೂರುವ ವಸ್ತು ಅದು. ಬಣ್ಣ ಬದಲಾಯಿತು, ಮಾಲೀಕರ ಲೆಕ್ಕ ಮಾತ್ರ ಸುಣ್ಣದ ಕಾಲದಲ್ಲೇ ನಿಂತಿದೆ.

‘ಕಮ್ಮಿದು’ ಎಂದು ಕೇಳಿದವರಿಗೆ ನಾವು ಕೊಡುವುದು ಡಿಸ್ಟೆಂಪರ್. ಯಾವ ಬಣ್ಣವೇ ಆಗಲಿ, ಅದರಲ್ಲಿ ಮುಖ್ಯವಾಗಿ ಇರುವುದು ಬಣ್ಣದ ಪುಡಿ, ಆ ಪುಡಿಯನ್ನು ಗೋಡೆಗೆ ಹಿಡಿದಿಡುವ ಅಂಟು, ಮತ್ತು ಆರಿಹೋಗುವ ದ್ರವ. ಬೆಲೆ ಇಳಿದಂತೆ ಅಂಟಿನ ಪಾಲು ಇಳಿಯುತ್ತದೆ, ಚಾಕ್‌ಪುಡಿಯಂಥ ಭರ್ತಿ ಸಾಮಾನು ಏರುತ್ತದೆ. ಅಗ್ಗದ ಡಿಸ್ಟೆಂಪರ್ ಹೊಡೆದ ಹಳೆಯ ಗೋಡೆಯ ಮೇಲೆ ಅಂಗೈ ಎಳೆದು ನೋಡಿ, ಕೈಗೆ ಪುಡಿ ಬರುತ್ತದೆ. ಆ ಮನೆಯ ಮಕ್ಕಳ ಯೂನಿಫಾರ್ಮಿನ ಬೆನ್ನು ಬೆಳ್ಳಗಿರುತ್ತದೆ. ಕಲೆಯಾಯಿತೆಂದು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಕಲೆಯ ಜೊತೆ ಬಣ್ಣವೂ ಎದ್ದು ಬಂದು, ಒರೆಸಿದ ಜಾಗವೇ ದೊಡ್ಡ ಕಲೆಯಾಗಿ ಕೂರುತ್ತದೆ. ಅಂಥ ಗೋಡೆ ಕೊಟ್ಟು, ಬಿಡುವಾಗ ‘ಗೋಡೆ ಹಾಳು ಮಾಡಿದ್ದೀರಿ’ ಎಂದರೆ ಬಾಡಿಗೆದಾರರು ಏನು ಮಾಡಬೇಕು? ಒರೆಸಿದರೂ ತಪ್ಪು, ಒರೆಸದಿದ್ದರೂ ತಪ್ಪು.

ಈಗ ಖರ್ಚು ನೋಡೋಣ. ಡಿಸ್ಟೆಂಪರಿಗೂ ಒಳ್ಳೆಯ ಇಮಲ್ಷನ್‌ಗೂ ಡಬ್ಬಿಯ ಬೆಲೆಯಲ್ಲಿ ವ್ಯತ್ಯಾಸವಿದೆ, ನಿಜ. ಆದರೆ ಪೇಂಟಿಂಗ್ ಖರ್ಚಿನಲ್ಲಿ ದೊಡ್ಡ ಪಾಲು ಡಬ್ಬಿಯದಲ್ಲ, ಕೂಲಿಯದು. ಕೆರೆಯುವುದು, ಪುಟ್ಟಿ ತುಂಬುವುದು, ಎಮರಿ ಪೇಪರ್ ಹಾಕಿ ಉಜ್ಜುವುದು, ಪ್ರೈಮರ್, ಮೇಲೆ ಎರಡು ಕೋಟ್: ಕೆಲಸ ಎರಡಕ್ಕೂ ಹೆಚ್ಚುಕಡಿಮೆ ಒಂದೇ. ಅದರ ಮೇಲೆ ಮನೆ ಖಾಲಿ ಬಿದ್ದ ದಿನಗಳ ನಷ್ಟ. ಹದಿನೆಂಟು ಸಾವಿರದ ಮನೆಯೆಂದರೆ ದಿನಕ್ಕೆ 600 ರೂಪಾಯಿ. ಐದು ದಿನ ಪೇಂಟಿಂಗ್ ನಡೆದರೆ 3,000 ಹೋಯಿತು. ಅದೇ ಮನೆಯಲ್ಲಿ ಎಂಟು ವರ್ಷಕ್ಕೆ ನಾಲ್ಕು ಸಂಸಾರ ಬದಲಾದವು ಎನ್ನಿ. ನಾಲ್ವರಿಂದ ತಲಾ ಒಂದು ತಿಂಗಳ ಬಾಡಿಗೆ ಹಿಡಿದರೆ 72,000 ರೂಪಾಯಿ ಆಯಿತು. ಆ ಎಂಟು ವರ್ಷದಲ್ಲಿ ಒಳ್ಳೆಯ ಬಣ್ಣ ಎರಡು ಸಲ ಹೊಡೆಸಿದ್ದರೆ ಧಾರಾಳ ಸಾಕಿತ್ತು.

ಎಲ್ಲ ಕಡೆ ದುಬಾರಿ ಬಣ್ಣವೇ ಬೇಕೆಂದೂ ನಾನು ಹೇಳುವುದಿಲ್ಲ. ಹತ್ತು ಅಡಿ ಎತ್ತರದ ಹತ್ತು-ಹನ್ನೆರಡರ ರೂಮು ತೆಗೆದುಕೊಳ್ಳಿ. ನಾಲ್ಕು ಗೋಡೆ ಸೇರಿ 440 ಚದರಡಿ, ಮೇಲಿನ ಸೀಲಿಂಗ್ 120. ಒಟ್ಟಿನಲ್ಲಿ ಐದನೇ ಒಂದು ಭಾಗಕ್ಕಿಂತ ಹೆಚ್ಚು ಸೀಲಿಂಗೇ ಆಯಿತು. ಅದನ್ನು ಯಾರೂ ಮುಟ್ಟುವುದಿಲ್ಲ, ಒರಗುವುದಿಲ್ಲ, ಅದರ ಮೇಲೆ ಮಕ್ಕಳು ಕ್ರೇಯಾನ್‌ನಲ್ಲಿ ಬರೆಯುವುದಿಲ್ಲ. ಬಚ್ಚಲುಮನೆ ಬಿಟ್ಟು ಉಳಿದ ಸೀಲಿಂಗಿಗೆ ಸಾಧಾರಣ ಬಿಳಿ ಸಾಕು. ಗೋಡೆಯಲ್ಲೂ ಕೈ, ಬೆನ್ನು, ತಲೆ ತಾಗುವುದು ನೆಲದಿಂದ ಐದಡಿಯೊಳಗೆ. ದುಡ್ಡು ಸುರಿಯಬೇಕಾದದ್ದು ಅಲ್ಲಿಗೆ.

ಅಲ್ಲಿ ಏನೇನಾಗುತ್ತದೆ ಎಂದು ಖಾಲಿ ಮನೆಯೊಳಗೆ ಒಂದು ಸುತ್ತು ಹಾಕಿದರೆ ತಿಳಿಯುತ್ತದೆ. ದಿವಾನ್ ಇದ್ದ ಕಡೆ, ಕೂತವರ ತಲೆಯ ಎತ್ತರಕ್ಕೆ, ಕೊಬ್ಬರಿ ಎಣ್ಣೆಯ ಕಂದು ವೃತ್ತಗಳು. ಸ್ವಿಚ್‌ಬೋರ್ಡಿನ ಸುತ್ತ ಬೆರಳಿನ ಕೊಳೆ. ದೇವರ ಮೂಲೆಯಲ್ಲಿ ಊದುಬತ್ತಿ, ದೀಪಗಳ ಹೊಗೆಯ ಕಪ್ಪು. ಮಂಚದ ಪಕ್ಕದ ಗೋಡೆಯಲ್ಲಿ ಅಂಗೈಯಿಂದ ಹೊಡೆದ ಸೊಳ್ಳೆಯ ರಕ್ತ, ಪ್ಲಗ್ ಪಾಯಿಂಟಿನ ಮೇಲೆ ಸೊಳ್ಳೆ ಮಿಷನ್ನಿನ ಮಬ್ಬು. ಬಾಗಿಲ ಚೌಕಟ್ಟಿನ ಪಕ್ಕ ಮಗುವಿನ ಎತ್ತರ ಗುರುತು ಹಾಕಿದ ಪೆನ್ಸಿಲ್ ಗೆರೆಗಳು. ಇದ್ಯಾವುದೂ ಯಾರೋ ಮಾಡಿದ ಹಾಳಲ್ಲ. ಮನುಷ್ಯರು ಬದುಕಿದ ಮನೆ ಹೀಗೆಯೇ ಇರುತ್ತದೆ, ಮಾಲೀಕರ ಮನೆಯೂ ಹೀಗೆಯೇ ಇದೆ. ಇವೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬಹುಮಟ್ಟಿಗೆ ಹೋಗುವಂಥ ಬಣ್ಣ ಗೋಡೆಗಿದೆಯೇ ಎಂಬುದಷ್ಟೇ ಪ್ರಶ್ನೆ.

ಒರೆಸಬಹುದಾದ ಬಣ್ಣ ಎಂದ ಕೂಡಲೇ ಹಲವರು ಹೊಳಪಿನ ಬಣ್ಣಕ್ಕೆ ಕೈ ಹಾಕುತ್ತಾರೆ. ನಿಲ್ಲಿ. ಹೊಳಪು ಹೆಚ್ಚಾದಷ್ಟೂ ಒರೆಸುವುದು ಸುಲಭ, ಸರಿ. ಆದರೆ ಗೋಡೆಯ ಉಬ್ಬುತಗ್ಗೂ ಅಷ್ಟೇ ಎದ್ದು ಕಾಣುತ್ತದೆ; ನಮ್ಮ ಬಾಡಿಗೆ ಮನೆಗಳ ಗಾರೆ ಕೆಲಸ ಅಷ್ಟೊಂದು ನಯವಾಗಿರುವುದಿಲ್ಲ. ಇನ್ನೂ ಮುಖ್ಯವಾಗಿ, ಹೊಳಪಿನ ಗೋಡೆಗೆ ಟಚ್‌ಅಪ್ ಕೂರುವುದಿಲ್ಲ. ಮೊಳೆ ಕಿತ್ತ ತೂತು ಮುಚ್ಚಿ ಅಷ್ಟು ಜಾಗಕ್ಕೆ ಬಣ್ಣ ತಾಗಿಸಿದರೆ, ಬಣ್ಣ ಅದೇ ಆದರೂ ಬೆಳಕು ಬೀಳುವ ರೀತಿ ಬೇರೆಯಾಗಿ ತೇಪೆ ಹಾಕಿದ್ದು ತಿಳಿಯುತ್ತದೆ. ಮ್ಯಾಟ್ ಫಿನಿಶ್‌ನಲ್ಲಿ ತೇಪೆ ಮರೆಯಾಗುತ್ತದೆ. ಹಾಗಾಗಿ ಹಾಲ್ ಮತ್ತು ರೂಮುಗಳಿಗೆ ನನ್ನ ಆಯ್ಕೆ, ತೊಳೆಯಬಹುದಾದ ಮ್ಯಾಟ್ ಇಮಲ್ಷನ್. ಮೊದಲು ಮ್ಯಾಟ್ ಎಂದರೆ ಒರೆಸಲಾಗದು ಎಂಬ ಮಾತಿತ್ತು; ಈಗ ಎಲ್ಲ ದೊಡ್ಡ ಕಂಪನಿಗಳೂ ಒರೆಸಬಹುದಾದ ಮ್ಯಾಟ್ ತಯಾರಿಸುತ್ತವೆ. ಸ್ವಲ್ಪ ಹೊಳಪಿರುವ ಸ್ಯಾಟಿನ್ ಫಿನಿಶ್ ಅಡುಗೆಮನೆಗೂ ಮಕ್ಕಳು ಓಡಾಡುವ ಪ್ಯಾಸೇಜಿಗೂ ಇರಲಿ. ಮೆಟ್ಟಿಲ ಪಕ್ಕದ ಗೋಡೆಗೆ ನಾಲ್ಕಡಿ ಎತ್ತರದವರೆಗೆ ಎನಾಮಲ್ ಬಳಿದು ಗೆರೆ ಎಳೆದುಬಿಡಿ. ಸರ್ಕಾರಿ ಶಾಲೆ, ಆಸ್ಪತ್ರೆಗಳಲ್ಲಿ ಹಾಗೆ ಬಳಿಯುತ್ತಿದ್ದದ್ದನ್ನು ಹಳೇ ಫ್ಯಾಷನ್ ಎಂದು ನಗುತ್ತೇವೆ. ಬೆನ್ನು ತಾಗುವ ಕಡೆ ಬಾಳುವ ಬಣ್ಣ ಎಂಬ ಬುದ್ಧಿವಂತಿಕೆ ಅದು.

ಅಡುಗೆಮನೆಗೆ ಬಂದರೆ ಅರಿಶಿನದ ಕಥೆ. ಸಾರಿನ ಒಗ್ಗರಣೆ ಸಿಡಿದು ಟೈಲ್ಸ್ ಮುಗಿಯುವ ಗೆರೆಯ ಮೇಲೆ ಹಳದಿ ಚುಕ್ಕೆಗಳಾಗುತ್ತವೆ. ಸಾಬೂನು ಹಾಕಿ ಉಜ್ಜಿದರೆ ಅದು ಹೋಗುವ ಬದಲು ಕೆಂಪಾಗುತ್ತದೆ. ಆರತಿ ತಟ್ಟೆಯ ನೀರಿಗೆ ಅರಿಶಿನದ ಜೊತೆ ಸುಣ್ಣ ಬೆರೆಸಿದರೆ ಕೆಂಪಾಗುವುದು ನಮ್ಮ ಹೆಂಗಸರಿಗೆಲ್ಲ ಗೊತ್ತು. ಸಾಬೂನಿನ ಕ್ಷಾರವೂ ಅದೇ ಕೆಲಸ ಮಾಡುತ್ತದೆ. ಗಾಬರಿಯಾಗಿ ಇನ್ನಷ್ಟು ಉಜ್ಜಿ ಬಣ್ಣವನ್ನೇ ಎಬ್ಬಿಸುವವರಿದ್ದಾರೆ. ಉಜ್ಜುವ ಅಗತ್ಯವಿಲ್ಲ. ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ. ಕಿಟಕಿಯ ಬಿಸಿಲು ಬೀಳುವ ಗೋಡೆಯಾದರೆ ಕೆಲವು ದಿನದಲ್ಲಿ ತಾನೇ ಮಾಸುತ್ತದೆ. ಬಿಸಿಲು ಬಾರದ ಅಡುಗೆಮನೆಗೆ ಮಾಲೀಕರು ಮಾಡಬೇಕಾದ್ದು, ಒಲೆಯ ಹಿಂದಿನ ಟೈಲ್ಸನ್ನು ಇನ್ನೆರಡು ಸಾಲು ಏರಿಸುವುದು, ಅದರ ಮೇಲೆ ಸ್ಯಾಟಿನ್ ಬಣ್ಣ, ಮತ್ತು ಒಂದು ಎಕ್ಸಾಸ್ಟ್ ಫ್ಯಾನ್. ಟು-ಲೆಟ್ ಬೋರ್ಡ್ ನೋಡಿ ಬಂದವರಿಗೆ ಮೊದಲ ಪ್ರಶ್ನೆಯಾಗಿ ‘ನೀವು ವೆಜ್ಜಾ, ನಾನ್‌ವೆಜ್ಜಾ?’ ಎಂದು ಕೇಳಿ, ‘ಗೋಡೆಗೆ ಎಣ್ಣೆ ಹಿಡಿಯುತ್ತೆ’ ಎಂಬ ಕಾರಣ ಕೊಡುವ ಮಾಲೀಕರು ಫ್ಯಾನ್ ಮಾತ್ರ ಹಾಕಿಸುವುದಿಲ್ಲ. ಗೋಡೆಗೆ ಹತ್ತುವುದು ಎಣ್ಣೆಯ ಹೊಗೆ. ಪೂರಿಯದಾದರೂ ಮೀನಿನದಾದರೂ ಅದು ಒಂದೇ ಥರ ಹತ್ತುತ್ತದೆ.

ಬಣ್ಣದ ಆಯ್ಕೆಗೆ ಬರೋಣ. ನಮ್ಮ ಅಂಗಡಿಯಲ್ಲಿ ಮಾವನವರ ಕಾಲದ ತಗಡಿನ ಬೋರ್ಡೊಂದಿದೆ. ಅದರಲ್ಲಿ ಬ್ರಷ್ ಹಿಡಿದು ನಿಂತವನು ಏಷ್ಯನ್ ಪೇಂಟ್ಸ್‌ನ ಗಟ್ಟು. 1954ರಲ್ಲಿ ಅವನನ್ನು ಬರೆದವರು ನಮ್ಮ ಮೈಸೂರಿನಲ್ಲೇ ಹುಟ್ಟಿದ ಆರ್. ಕೆ. ಲಕ್ಷ್ಮಣ್. ಗಟ್ಟುವಿನ ಕಾಲದಲ್ಲಿ ಡಬ್ಬಿಯಲ್ಲಿ ಬಂದ ಬಣ್ಣವೇ ಬಣ್ಣ, ಬೇರೆ ಬೇಕಾದರೆ ಪೇಂಟರ್ ಸ್ಟೈನರ್ ಬೆರೆಸಿ ಕೋಲಿನಲ್ಲಿ ಕಲಕುತ್ತಿದ್ದ. ಈಗ ಮಿಕ್ಸಿಂಗ್ ಮಿಷನ್ನಿಗೆ ಕೋಡ್ ಒತ್ತಿದರೆ ಸಾವಿರಾರು ಶೇಡ್. ಇಷ್ಟೊಂದು ಸಿಕ್ಕಾಗ ಪ್ರತಿ ರೂಮಿಗೊಂದು ಬಣ್ಣ ಬೇಕೆನಿಸುವುದು ಸಹಜ. ವಾಸ್ತು ನೋಡುವವರು ದಿಕ್ಕಿಗೊಂದು ಬಣ್ಣ ಹೇಳಿರುತ್ತಾರೆ. ಟಿವಿ ಗೋಡೆಗೆ ನೇರಳೆ, ಮಕ್ಕಳ ರೂಮಿಗೆ ಪಿಸ್ತಾ, ಬೆಡ್‌ರೂಮಿಗೆ ಆನಿಯನ್ ಪಿಂಕ್ ಎಂದು ಚೀಟಿ ಬರುತ್ತದೆ. ಬಾಡಿಗೆ ಮನೆಗೆ ಇದು ಶುದ್ಧ ತಲೆನೋವು. ಒಂದೊಂದು ಬಣ್ಣದಲ್ಲೂ ಕಾಲು ಡಬ್ಬಿ ಉಳಿಯುತ್ತದೆ, ಮುಂದೆ ಟಚ್‌ಅಪ್‌ಗೆ ಐದು ಡಬ್ಬಿ ಹುಡುಕಬೇಕು.

ಇಡೀ ಮನೆಗೆ ಒಂದೇ ತಿಳಿ ಬಣ್ಣ, ಸೀಲಿಂಗಿಗೆ ಬಿಳಿ: ಬಾಡಿಗೆ ಮನೆಗೆ ನಾನು ಹೇಳುವ ಸೂತ್ರ ಇದೇ. ಅಚ್ಚ ಬಿಳಿ ಗೋಡೆ ಬೇಡ, ಮೊದಲ ವಾರದಲ್ಲೇ ಬೆರಳಿನ ಗುರುತು ತೋರಿಸುತ್ತದೆ. ತೀರಾ ಹಳದಿ ಕ್ರೀಮ್ ಕೂಡ ಬೇಡ, ಬೆಳಕು ಕಡಿಮೆಯಿರುವ ರೂಮಿನಲ್ಲಿ ಅದು ಹಳೆಯದಾದಂತೆ ಕಾಣುತ್ತದೆ. ಸ್ವಲ್ಪವೇ ಬೂದಿ ಅಥವಾ ಬಿಸ್ಕತ್ ಛಾಯೆ ಇರುವ ಆಫ್ ವೈಟ್ ಸಾಕು. ಬರುವವರ ಸೋಫಾ ಕೆಂಪಿರಲಿ, ಪರದೆ ಹಸಿರಿರಲಿ, ದೇವರ ಫೋಟೊ ಇರಲಿ, ಮೆಕ್ಕಾ ಚಿತ್ರವಿರಲಿ, ಸಿನಿಮಾ ಪೋಸ್ಟರ್ ಇರಲಿ, ಎಲ್ಲಕ್ಕೂ ಅದು ಹೊಂದುತ್ತದೆ. ಬಾಡಿಗೆ ಮನೆಯ ಗೋಡೆಯಲ್ಲಿ ಮಾಲೀಕರ ರುಚಿ ಕಾಣಬೇಕಾಗಿಲ್ಲ, ಬಂದವರ ರುಚಿಗೆ ಜಾಗ ಇರಬೇಕು.

ಗಾಢ ಬಣ್ಣದ ‘ಹೈಲೈಟ್ ಗೋಡೆ’ ಬಗ್ಗೆ ಇನ್ನೆರಡು ಮಾತು. ಗಾಢ ಶೇಡಿಗೆ ಮಿಷನ್ ಹೆಚ್ಚು ಬಣ್ಣ ಸುರಿಯುತ್ತದೆ, ಬಿಲ್ ಏರುತ್ತದೆ. ಗಾಢ ಮ್ಯಾಟ್ ಗೋಡೆಗೆ ಕುರ್ಚಿಯ ಬೆನ್ನು ಉಜ್ಜಿದರೆ ಅಲ್ಲಿ ಮಿನುಗುವ ಪಟ್ಟಿ ಮೂಡುತ್ತದೆ, ಒರೆಸಿದರೂ ಹೋಗದು. ಮುಂದೆ ಅದರ ಮೇಲೆ ತಿಳಿ ಬಣ್ಣ ಕೂರಿಸಬೇಕಾದರೆ ಮತ್ತೆ ಪ್ರೈಮರ್, ಮೇಲೆ ಇನ್ನೊಂದು ಕೋಟ್ ಹೆಚ್ಚುವರಿ. ಮಗಳ ಮದುವೆಗೆ ತಂದು ಮಿಕ್ಕಿದ ನೇರಳೆಯನ್ನು ಬಾಡಿಗೆ ಮನೆಯ ಹಾಲಿಗೆ ಬಳಿದವರು, ಅದನ್ನು ಮುಚ್ಚಲು ಎಷ್ಟು ಲೀಟರ್ ಬೇಕೆಂದು ಮುಂದೊಂದು ದಿನ ನನ್ನ ಬಳಿಯೇ ಕೇಳಲು ಬರುತ್ತಾರೆ.

ಶೇಡ್ ಕಾರ್ಡಿನ ಪುಟ್ಟ ಚೌಕ ನೋಡಿ ಬಣ್ಣ ಆರಿಸುವುದೂ ಬೇಡ. ಇಪ್ಪತ್ತು-ಮೂವತ್ತರ ಸೈಟಿನಲ್ಲಿ ಗಡಿಗೇ ಗೋಡೆ ಎಬ್ಬಿಸಿದ ಮನೆಗಳಲ್ಲಿ ಕಿಟಕಿ ತೆರೆದರೆ ಕಾಣುವುದು ಪಕ್ಕದವರ ಗೋಡೆ. ಅದು ಗಿಳಿಹಸಿರಾಗಿದ್ದರೆ ನಿಮ್ಮ ರೂಮಿನ ಆಫ್ ವೈಟ್ ಕೂಡ ಹಸಿರು ಬಡಿದಂತೆ ಕಾಣುತ್ತದೆ. ಟ್ಯೂಬ್‌ಲೈಟಿನ ಬಿಳಿ ಬೆಳಕಿನಲ್ಲಿ ಒಂದು, ಹಳದಿ ಎಲ್‌ಇಡಿ ಬೆಳಕಿನಲ್ಲಿ ಇನ್ನೊಂದು. ಸಣ್ಣ ಡಬ್ಬಿ ತಂದು ಎರಡು ಗೋಡೆಯ ಮೇಲೆ ಎರಡೆರಡು ಅಡಿ ಚೌಕ ಬಳಿಸಿ, ಬೆಳಿಗ್ಗೆ ಒಮ್ಮೆ, ರಾತ್ರಿ ದೀಪ ಹಾಕಿ ಒಮ್ಮೆ ನೋಡಿ. ಕತ್ತಲೆ ರೂಮಿಗೆ ತಿಳಿ ಬಣ್ಣ ಬಳಿಸುವುದು ಬರಿಯ ಅಂದದ ಮಾತಲ್ಲ. ಹಗಲಲ್ಲೂ ದೀಪ ಉರಿಸುವ ಮನೆಯ ಕರೆಂಟ್ ಬಿಲ್ ಕಟ್ಟುವವರು ಒಳಗಿರುವವರು.

ಬಣ್ಣಕ್ಕಿಂತ ಮೊದಲು ನೋಡಬೇಕಾದದ್ದು ತೇವ. ಬೆಂಗಳೂರಿನಲ್ಲಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮಳೆ ಜೋರು. ಆಗ ತಾರಸಿ, ಸಜ್ಜಾ, ಬಚ್ಚಲುಮನೆಯ ಪಕ್ಕದ ಗೋಡೆಗಳಲ್ಲಿ ನೀರು ಇಳಿಯುತ್ತದೆ, ಗೋಡೆ ಉಪ್ಪು ಬಿಡುತ್ತದೆ. ನೀರಿನ ಮೂಲ ಮುಚ್ಚದೆ ಮೇಲೆ ಪುಟ್ಟಿ ಮೆತ್ತಿ ಬಣ್ಣ ಬಳಿದರೆ ಮನೆ ತೋರಿಸುವ ದಿನ ಚೆನ್ನಾಗಿರುತ್ತದೆ. ಮುಂದಿನ ಮಳೆಗಾಲಕ್ಕೆ ಹಪ್ಪಳದ ಹಾಗೆ ಎದ್ದು ಉದುರುತ್ತದೆ. ಉದುರಿದ ಮೇಲೆ ‘ನೀವು ಕಿಟಕಿ ತೆಗೆಯುತ್ತಿರಲಿಲ್ಲ’ ಎಂಬ ಆರೋಪ ಬಾಡಿಗೆದಾರರ ಮೇಲೆ. ತಿಳಿಯಲು ಸುಲಭದ ಪರೀಕ್ಷೆಯಿದೆ. ಅನುಮಾನದ ಜಾಗಕ್ಕೆ ಒಂದು ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ ಅಂಟಿಸಿ, ಒಂದೆರಡು ದಿನ ಬಿಡಿ. ಹಾಳೆಯ ಒಳಮೈಯಲ್ಲಿ, ಅಂದರೆ ಗೋಡೆಯ ಕಡೆ, ಹನಿ ಕಟ್ಟಿದರೆ ನೀರು ಗೋಡೆಯಿಂದ ಬರುತ್ತಿದೆ. ಅದು ಮಾಲೀಕರ ಕೆಲಸ. ಹೊರಮೈಯಲ್ಲಿ ಕಟ್ಟಿದರೆ ರೂಮಿನ ಗಾಳಿಯ ತೇವ. ಜಗಳಕ್ಕೆ ಮೊದಲು ಈ ಹಾಳೆ ಅಂಟಿಸಿ.

ಬಾಗಿಲು, ಕಿಟಕಿ, ಗ್ರಿಲ್‌ಗೆ ಎನಾಮಲ್ ಇರಲಿ. ಅಲ್ಲಿ ಹೊಳಪು ಬೇಕು, ದಿನವೂ ಕೈ ತಾಗುತ್ತದೆ. ಆದರೆ ಬಿಳಿ ಆಯಿಲ್ ಎನಾಮಲ್ ಕತ್ತಲೆ ಮೂಲೆಯಲ್ಲಿ ಬರಬರುತ್ತ ಹಳದಿಯಾಗುತ್ತದೆ. ಬಾಡಿಗೆದಾರರು ಸೇದಿದ ಸಿಗರೇಟಿನಿಂದಲೇ ಆಯಿತೆಂದು ತೀರ್ಮಾನಿಸಬೇಡಿ. ಇನ್ನೊಂದು, ಹಳೆಯ ಮನೆಯ ಬಾಗಿಲು, ಗ್ರಿಲ್‌ಗಳನ್ನು ಒಣಒಣಗಾಗಿ ಉಜ್ಜಿಸಬೇಡಿ. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ಕೇಂದ್ರದ ನಿಯಮ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರ್‌ನಿಂದ. ಅದಕ್ಕಿಂತ ಹಿಂದಿನ ಎನಾಮಲ್ ಪದರಗಳಲ್ಲಿ ಸೀಸ ಹೆಚ್ಚಿರುವ ಸಾಧ್ಯತೆಯಿದೆ, ಅದರ ಧೂಳು ಮಕ್ಕಳಿಗೆ ವಿಷ. ನೀರು ತಾಗಿಸಿ ಉಜ್ಜಿಸಿ, ಪುಡಿಯನ್ನು ಒದ್ದೆ ಬಟ್ಟೆಯಲ್ಲಿ ತೆಗೆಸಿ, ಸಂಸಾರ ಒಳಗಿರುವಾಗ ಆ ಕೆಲಸ ಹಿಡಿಸಲೇಬೇಡಿ. ಪೇಂಟರ್ ಮೂಗಿಗೂ ಒಂದು ಮಾಸ್ಕ್ ಕೊಡಿಸಿ. ಅವನ ಕೂಲಿಯಲ್ಲಿ ಅದು ಸೇರಿರುವುದಿಲ್ಲ.

ನಮ್ಮ ಅಂಗಡಿಯ ಮಹಡಿಯ ಮೇಲೆ ನಮ್ಮದೇ ಎರಡು ಬಾಡಿಗೆ ಮನೆಗಳಿವೆ. ಅಲ್ಲಿ ಮೀಟರ್ ಬೋರ್ಡಿನ ಬಾಗಿಲ ಒಳಬದಿಗೆ ಒಂದು ಚೀಟಿ ಅಂಟಿಸಿದ್ದೇನೆ. ಕಂಪನಿ, ಬಣ್ಣದ ಹೆಸರು, ಶೇಡ್ ಕೋಡ್, ಫಿನಿಶ್, ಹೊಡೆಸಿದ ತಿಂಗಳು ಮತ್ತು ವರ್ಷ. ಹೀಗೆ ಬರೆದಿಟ್ಟರೆ ಯಾವ ಅಂಗಡಿಗೆ ಹೋದರೂ ಒಂದು ಲೀಟರ್ ಅದೇ ಬಣ್ಣ ತರಬಹುದು. ಉಳಿದ ಬಣ್ಣವನ್ನು ದೊಡ್ಡ ಡಬ್ಬಿಯ ತಳದಲ್ಲಿ ಬಿಡುವುದಿಲ್ಲ. ಸಣ್ಣ ಡಬ್ಬಿಗೆ ಬಾಯಿವರೆಗೆ ತುಂಬಿ, ಗಾಳಿಯಾಡದಂತೆ ಮುಚ್ಚಿ ಇಡುತ್ತೇನೆ. ಬಣ್ಣ ಹೊಸದಿರುವಾಗ ಮೊಳೆಯ ತೂತು ಮುಚ್ಚಿ ಅಷ್ಟಕ್ಕೇ ತಾಗಿಸಿದರೆ ಸಾಕು. ಎರಡು ಮೂರು ವರ್ಷ ಕಳೆದಿದ್ದರೆ ಗೋಡೆಯ ಬಣ್ಣ ಸ್ವಲ್ಪ ಮಾಸಿರುತ್ತದೆ, ಆಗ ತೇಪೆ ಹಾಕದೆ ಆ ಒಂದು ಗೋಡೆಯನ್ನು ಮಾತ್ರ ಮೂಲೆಯಿಂದ ಮೂಲೆಗೆ ಹೊಡೆಸಬೇಕು. ಮೂಲೆಯಲ್ಲಿ ಬೆಳಕು ತಾನೇ ಬದಲಾಗುವುದರಿಂದ ಹೊಸತು ಹಳತು ಗೊತ್ತಾಗುವುದಿಲ್ಲ.

ಮೊಳೆ ಹೊಡೆಯಬೇಡಿ ಎಂದು ಅಗ್ರಿಮೆಂಟಿನಲ್ಲಿ ಬರೆಸುವುದೂ ಹುಡುಗಾಟ. ಕ್ಯಾಲೆಂಡರ್, ಗಡಿಯಾರ, ದೇವರ ಫೋಟೊ ಇಲ್ಲದೆ ಯಾವ ಸಂಸಾರ ನಡೆಯುತ್ತದೆ? ಮೊಳೆಗೆ ಹೆದರಿ ಅವರು ಅಂಟಿಸುವ ಹುಕ್ ಕೀಳುವಾಗ ಅಂಗೈ ಅಗಲ ಬಣ್ಣವೇ ಎದ್ದು ಬರುತ್ತದೆ. ಡ್ರಿಲ್ ಮಾಡಿ ಮನೆಗಿಷ್ಟು ಹುಕ್, ಎಲ್ಲ ಕಿಟಕಿಗೂ ಪರದೆ ರಾಡ್ ನೀವೇ ಹಾಕಿಸಿಕೊಡಿ, ತೂತಿನ ಸಮಸ್ಯೆ ಅರ್ಧ ಮುಗಿಯಿತು.

‘ನಿಮ್ಮ ಬಾಡಿಗೆದಾರರು ಒಳ್ಳೆಯವರು, ನಮ್ಮವರು ಮನೆ ಎಕ್ಕುಟ್ಟಿಸಿ ಹೋಗುತ್ತಾರೆ’ ಎನ್ನುವ ಮಾಲೀಕರ ಮಾತು ಪೂರ್ತಿ ಸುಳ್ಳಲ್ಲ. ಗೋಡೆ ತುಂಬ ಸ್ಕೆಚ್ ಪೆನ್, ಒಪ್ಪಿಗೆಯಿಲ್ಲದೆ ಬಳಿದ ಕಡು ನೀಲಿ, ಎಸಿ ಕಿತ್ತೊಯ್ದು ಬಿಟ್ಟ ದೊಡ್ಡ ತೂತು, ಸುಟ್ಟ ಬಾಗಿಲು ಇವೆಲ್ಲ ಹಾನಿಯೇ. ಅದರ ದುಡ್ಡು ಹಿಡಿಯಿರಿ, ರಸೀದಿ ತೋರಿಸಿ ಹಿಡಿಯಿರಿ. ಆದರೆ ಹಾನಿಯೇ ಬೇರೆ, ಬಳಕೆಯ ಸವಕಳಿಯೇ ಬೇರೆ. ಈ ವ್ಯತ್ಯಾಸ ನಾನು ಕಂಡುಹಿಡಿದದ್ದಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮಿನಲ್ಲೇ ಇದೆ: ಬೇರೆ ಕರಾರು ಇಲ್ಲದಿದ್ದರೆ, ಬಾಡಿಗೆದಾರ ಮನೆಯನ್ನು ಪಡೆದ ಸ್ಥಿತಿಯಲ್ಲೇ ಇಟ್ಟುಕೊಂಡು ಹಿಂದಿರುಗಿಸಬೇಕು, ಸಹಜ ಸವಕಳಿಯಿಂದಾದ ಬದಲಾವಣೆಗೆ ವಿನಾಯಿತಿ ಇದೆ. ಆ ‘ಬೇರೆ ಕರಾರು’ ಎಂಬ ಕಿಂಡಿಯಿಂದಲೇ ನಮ್ಮ ಅಗ್ರಿಮೆಂಟುಗಳಿಗೆ ಒಂದು ತಿಂಗಳ ಪೇಂಟಿಂಗ್ ಸಾಲು ನುಸುಳಿರುವುದು.

ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ಇನ್ನೂ ಸ್ಪಷ್ಟವಾಗಿದೆ. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಕೂಡದು ಎನ್ನುತ್ತದೆ. ಅದರ ಎರಡನೇ ಅನುಸೂಚಿಯಲ್ಲಿ ರಿಪೇರಿಗಳನ್ನು ಇಬ್ಬರಿಗೂ ಹಂಚಿದ್ದಾರೆ: ನಲ್ಲಿಯ ವಾಷರ್ ಬದಲಿಸುವಂಥವು ಬಾಡಿಗೆದಾರರ ಪಾಲಿಗೆ, ಗೋಡೆಗೆ ಸುಣ್ಣ-ಬಣ್ಣ ಹಾಗೂ ಬಾಗಿಲು-ಕಿಟಕಿಗೆ ಬಣ್ಣ ಮಾಲೀಕರ ಪಾಲಿಗೆ. ಅದು ಮಾದರಿ ಮಾತ್ರ, ರಾಜ್ಯ ತನ್ನ ಕಾನೂನಿಗೆ ಅಳವಡಿಸಿಕೊಂಡರಷ್ಟೇ ಜಾರಿ. ಬೇರೇನು ಬಿಟ್ಟರೂ ಈ ಹಂಚಿಕೆಯ ಪಟ್ಟಿಯನ್ನು ಕರ್ನಾಟಕ ತನ್ನ ಬಾಡಿಗೆ ಕಾನೂನಿಗೆ ಸೇರಿಸಿಕೊಳ್ಳಬೇಕು. ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಒಳಬರುವ ಬೆಂಗಳೂರಿನ ಬಾಡಿಗೆದಾರರಿಗೆ, ಅದು ವಾಪಸ್ ಬರುವ ದಿನ ಜಗಳವಾಡಲು ಧೈರ್ಯವಿರುವುದಿಲ್ಲ. ದುಡ್ಡು ಎದುರಿನವರ ಕೈಯಲ್ಲಿರುತ್ತದೆ, ಹೊಸ ಮನೆಯ ಅಡ್ವಾನ್ಸ್ ಅವತ್ತೇ ಕಟ್ಟಬೇಕಿರುತ್ತದೆ.

ಕಾನೂನು ಬರುವವರೆಗೆ ಕಾಯಬೇಕಾಗಿಲ್ಲ. ಮಾಲೀಕರೇ, ಮುಂದಿನ ಅಗ್ರಿಮೆಂಟಿನಲ್ಲಿ ‘ಒಂದು ತಿಂಗಳ ಬಾಡಿಗೆ ಪೇಂಟಿಂಗ್‌ಗೆ’ ಎಂಬ ಸಾಲು ಹೊಡೆದುಹಾಕಿ, ‘ಸಹಜ ಸವಕಳಿ ಬಿಟ್ಟು ಉಳಿದ ಹಾನಿಗೆ, ರಸೀದಿಯ ಪ್ರಕಾರ’ ಎಂದು ಬರೆಸಿ. ಬಣ್ಣ ಹೊಡೆಸಿದ ದಿನಾಂಕವನ್ನೂ ಸೇರಿಸಿ. ಬಾಡಿಗೆದಾರರೇ, ಸಾಮಾನು ಇಳಿಸುವ ಮೊದಲು ಎಲ್ಲ ಗೋಡೆಗಳ ಫೋಟೊ ತೆಗೆದು ಮಾಲೀಕರ ವಾಟ್ಸ್ಆ್ಯಪ್‌ಗೆ ಕಳಿಸಿ. ಯಾವ ಬಣ್ಣ, ಯಾವ ಕೋಡ್ ಎಂದು ಕೇಳಿ ಬರೆದುಕೊಳ್ಳಿ. ಕಲೆಯಾದ ದಿನವೇ ಒರೆಸಿ. ಇಷ್ಟು ಮಾಡಿದರೆ ಇಬ್ಬರ ನಡುವೆ ಗೋಡೆಯ ಬಗ್ಗೆ ಮಾತು ಬೆಳೆಯುವುದಿಲ್ಲ. ಗೋಡೆ ಮಾಲೀಕರದು, ಬಾಡಿಗೆ ಬರುವುದೂ ಅವರಿಗೆ. ಬಣ್ಣ ಬಳಿಸುವ ಖರ್ಚೂ ಅವರದೇ ಆಗಬೇಕು.